ಅಪ್ಪನ ನಾಣ್ಯಗಳನ್ನು ಮಳೆಗಾಲದಲ್ಲಿ ಮನೆಯೊಳಗೆ ಎಲ್ಲಿಡಲಿ?

ರಾಘು, ಕುಂದಾಪುರ
ಎಲ್ಲರಿಗೂ ನಮಸ್ಕಾರ. ಅಪ್ಪ ಕೂಡಿಟ್ಟ ನಾಣ್ಯಗಳು ಈಗ ನನ್ನ ಕೈಗೆ ಬಂದಿವೆ. ವಿಕ್ಟೋರಿಯಾ ರಾಣಿಯ 1840 ಮತ್ತು 1862ರ ಬೆಳ್ಳಿ ರೂಪಾಯಿ, ಐದನೇ ಜಾರ್ಜ್ ರೂಪಾಯಿ, ಆನೆ ಚಿತ್ರದ ಟಿಪ್ಪು ಪೈಸೆ, 1943ರ ತೂತು ಕಾಸು, ನಾವು ಚಿಕ್ಕವರಿದ್ದಾಗ ನೋಡಿದ ಅಲ್ಯೂಮಿನಿಯಂ ಹತ್ತು ಪೈಸೆ, ಎಲ್ಲ ಇವೆ. ಎಲ್ಲವೂ ಮೆತ್ತನೆ ಪ್ಲಾಸ್ಟಿಕ್ ಜೇಬುಗಳ ಆಲ್ಬಂನಲ್ಲಿ, ಬೀರುವಿನ ಕೆಳಗಿನ ಖಾನೆಯಲ್ಲಿದ್ದವು. ಮಳೆ ಹಿಡಿದ ಮೇಲೆ ತೆಗೆದು ನೋಡಿದರೆ ಬೆಳ್ಳಿ ರೂಪಾಯಿಗಳ ಮೇಲೆ ಹಸಿರು ಅಂಟು. ಬೆರಳಿಗೆ ಜಿಡ್ಡು ಹತ್ತುತ್ತದೆ.

ಸ್ಟೀಲ್ ಡಬ್ಬಿಗೆ ಹಾಕಿ ದೇವರ ಕೋಣೆಯಲ್ಲಿಡು ಅಂತ ಅಮ್ಮ ಹೇಳುತ್ತಾರೆ. ಭಾವ ಬ್ಯಾಂಕ್ ಲಾಕರ್ ಅನ್ನುತ್ತಾರೆ. ಅಂಗಡಿಯವರು ವೆಲ್ವೆಟ್ ಹಾಸಿದ ಮರದ ಪೆಟ್ಟಿಗೆ ತೋರಿಸಿದರು. ನನಗೆ ಇವು ಮನೆಯಲ್ಲೇ ಇರಬೇಕು, ಮಕ್ಕಳು ಆಗಾಗ ನೋಡುವ ಹಾಗಿರಬೇಕು. ಏನು ಮಾಡಲಿ?

ಶ್ರೀಧರ, ಬೆಂಗಳೂರು
ರಾಘು, ಪೆಟ್ಟಿಗೆಯ ಮಾತು ಆಮೇಲೆ. ಇವತ್ತೇ ನಾಣ್ಯಗಳನ್ನು ಆ ಆಲ್ಬಂನಿಂದ ಹೊರಗೆ ತೆಗೆಯಿರಿ. ಆ ಹಾಳೆಗಳು ಪಿವಿಸಿ ಎಂಬ ಪ್ಲಾಸ್ಟಿಕ್ ಇರಬೇಕು, ಹಸಿರು ಅಂಟು ಅದರಿಂದಲೇ. ಹೊಸ ರೇನ್‌ಕೋಟ್ ಬಿಚ್ಚಿದಾಗ ಒಂದು ವಾಸನೆ ಬರುತ್ತದಲ್ಲ, ಆಲ್ಬಂ ತೆರೆದಾಗಲೂ ಅದೇ ಬಂದರೆ ಅನುಮಾನವೇ ಬೇಡ. ಸದ್ಯಕ್ಕೆ ಒಣಗಿದ ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ. ಅಂಚು ಹಿಡಿದು ಎತ್ತಿ, ಮುಖ ಮುಟ್ಟಬೇಡಿ. ನ್ಯೂಸ್ ಪೇಪರ್‌ನಲ್ಲಿ ಸುತ್ತಬೇಡಿ. ರಬ್ಬರ್ ಬ್ಯಾಂಡ್ ಹತ್ತಿರ ತರಲೇಬೇಡಿ, ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ.

ವೀಣಾ, ಶಿವಮೊಗ್ಗ
ಹುಣಸೆಹಣ್ಣು ಹಚ್ಚಿ ತೊಳೆದರೆ ಆ ಹಸಿರು ಹೋಗುತ್ತದೆ ಅಲ್ವಾ? ನಮ್ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಇಡುವ ಬೆಳ್ಳಿ ರೂಪಾಯಿಗಳನ್ನು ಅತ್ತೆ ಪ್ರತಿ ವರ್ಷ ಹುಣಸೆಹಣ್ಣಿನಲ್ಲಿ ಉಜ್ಜುತ್ತಾರೆ. ಫಳಫಳ ಹೊಳೆಯುತ್ತವೆ.

ಶ್ರೀಧರ, ಬೆಂಗಳೂರು
ವೀಣಾ ಮೇಡಂ, ದಯವಿಟ್ಟು ಆ ಸಲಹೆ ಬೇಡ. ಹುಣಸೆಯ ಹುಳಿ ಮೇಲಿನ ಪದರವನ್ನು ತಿನ್ನುತ್ತದೆ, ಉಜ್ಜಿದಾಗ ಸಣ್ಣ ಗೀರುಗಳು ಬೀಳುತ್ತವೆ. ರಾಣಿಯ ಕೂದಲಿನ ಎಳೆ, ಕಿರೀಟದ ಕುಸುರಿ ಮೊದಲು ಸವೆಯುವುದು ಹೀಗೇ. ನೂರು ವರ್ಷಕ್ಕೆ ತಾನಾಗಿ ಕೂತ ಬಣ್ಣವೇ ಹಳೆ ನಾಣ್ಯಕ್ಕೆ ರಕ್ಷಣೆ. ಎನ್‌ಜಿಸಿಯಂಥ ದರ್ಜೆ ಕೊಡುವ ಸಂಸ್ಥೆಗಳು ಉಜ್ಜಿ ತೊಳೆದ ನಾಣ್ಯಕ್ಕೆ ಅಂಕವನ್ನೇ ಕೊಡುವುದಿಲ್ಲ.

ಅನಿತಾ, ಮೈಸೂರು
ಶ್ರೀಧರ್ ಸರ್, ನಾಣ್ಯದ ದೃಷ್ಟಿಯಿಂದ ನೀವು ಹೇಳಿದ್ದು ಸರಿ. ಆದರೆ ಎಲ್ಲರೂ ಮಾರುವುದಕ್ಕೆ ಇಟ್ಟುಕೊಂಡಿರುವುದಿಲ್ಲ. ಅಜ್ಜಿ ಪೂಜೆ ಮಾಡಿದ ರೂಪಾಯಿಯನ್ನು ಸೊಸೆಯೂ ಪೂಜೆ ಮಾಡುತ್ತಾಳೆ, ಅದಕ್ಕೂ ಬೆಲೆ ಇದೆ. ನಾವು ಎರಡು ಪಾಲು ಮಾಡಿದ್ದೇವೆ. ಎಲ್ಲ ಕಡೆ ಸಿಗುವ, ಸವೆದ ಐದನೇ ಜಾರ್ಜ್ ರೂಪಾಯಿಗಳು ದೇವರ ಕೋಣೆಗೆ. ಅವಕ್ಕೆ ಅರಿಶಿನ ಕುಂಕುಮ, ಹಾಲು ಎಲ್ಲ ಆಗುತ್ತದೆ. ಉಳಿದವನ್ನು ಹಬ್ಬಕ್ಕೂ ತೆಗೆಯುವುದಿಲ್ಲ. ರಾಘು ಅವರ ಅಮ್ಮನಿಗೂ ಇದು ಒಪ್ಪಿಗೆ ಆಗಬಹುದು.

ಧಾರವಾಡ ಮಾಸ್ತರ್
ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಪಿವಿಸಿ ಮೂಲತಃ ಗಟ್ಟಿ. ಮೆತ್ತಗಾಗಲಿ ಅಂತ ಎಣ್ಣೆಯಂಥ ವಸ್ತು ಬೆರೆಸುತ್ತಾರೆ. ವರ್ಷಗಳು ಕಳೆದಂತೆ ಅದು ಹೊರಗೆ ಜಿನುಗುತ್ತದೆ, ರಾಘು ಅವರ ಬೆರಳಿಗೆ ಹತ್ತಿದ ಜಿಡ್ಡು ಅದೇ. ಪ್ಲಾಸ್ಟಿಕ್ ಹಳತಾದಂತೆ ಅದರಲ್ಲಿರುವ ಕ್ಲೋರಿನ್ ಹೈಡ್ರೋಕ್ಲೋರಿಕ್ ಆಮ್ಲವಾಗಿ ಹೊರಬರುತ್ತದೆ. ಸೆಕೆ, ತೇವ ಎರಡೂ ಇದ್ದರೆ ಈ ಕೆಲಸ ಬೇಗ. ಬೆಳ್ಳಿ ನಾಣ್ಯದಲ್ಲಿ ಹಸಿರು ಎಲ್ಲಿಂದ ಬಂತು ಅಂತ ಕೇಳಬಹುದು. ಆ ರೂಪಾಯಿ 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇ 91.7 ಮಾತ್ರ. ಉಳಿದದ್ದು ತಾಮ್ರ. ಆಮ್ಲ ಮೊದಲು ಹಿಡಿಯುವುದು ಅದನ್ನೇ.

ಅಂಟು ತೆಗೆಯಲು ಶುದ್ಧ ಅಸಿಟೋನ್ ಬೇಕು. ಲ್ಯಾಬ್ ಕೆಮಿಕಲ್ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಉಗುರು ಬಣ್ಣ ತೆಗೆಯುವ ದ್ರವ ಆಗುವುದಿಲ್ಲ, ಅದರಲ್ಲಿ ಸುಗಂಧ, ಎಣ್ಣೆ, ಬಣ್ಣ ಸೇರಿರುತ್ತವೆ. ಗಾಜಿನ ಬಟ್ಟಲಲ್ಲಿ ನಾಣ್ಯ ಮುಳುಗಿಸಿ ಕೆಲವು ನಿಮಿಷ ಬಿಡಿ. ಉಜ್ಜಬೇಡಿ. ಇನ್ನೊಂದು ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆದು ತಾನಾಗಿ ಒಣಗಲು ಬಿಡಿ. ಅಸಿಟೋನ್ ಫಕ್ಕನೆ ಹೊತ್ತಿಕೊಳ್ಳುತ್ತದೆ. ಅಡುಗೆಮನೆ ಬೇಡ, ದೇವರ ದೀಪದ ಹತ್ತಿರವೂ ಬೇಡ, ಕಿಟಕಿ ತೆರೆದಿರಲಿ, ಮಕ್ಕಳು ದೂರ ಇರಲಿ. ನಾಣ್ಯದ ಹಳೆ ಬಣ್ಣ ಇದರಿಂದ ಹೋಗುವುದಿಲ್ಲ, ಅಂಟು ಮಾತ್ರ ಹೋಗುತ್ತದೆ. ಆಮ್ಲ ಆಗಲೇ ಲೋಹವನ್ನು ತಿಂದಿದ್ದರೆ ಆ ಕುಳಿ ಮಾತ್ರ ಉಳಿಯುತ್ತದೆ.

ಬಸವರಾಜ, ಕಲಬುರಗಿ
ನೀವೆಲ್ಲ ತೇವ, ಪ್ಲಾಸ್ಟಿಕ್ ಅಂತಿದ್ದೀರಿ. ಕಳ್ಳನ ಮಾತೇ ಯಾರೂ ಎತ್ತಲಿಲ್ಲವಲ್ಲ? ನಮ್ಮ ಕಡೆ ಗಾಳಿ ಒಣಗಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದರೂ ನಾಣ್ಯಕ್ಕೆ ಏನೂ ಆಗಿಲ್ಲ. ನನ್ನ ಭಯ ಮನೆಗೆ ಬೀಗ ಹಾಕಿ ಊರಿಗೆ ಹೋದಾಗ. ರಾಘು ಅವರೇ, ನಿಮ್ಮ ಭಾವ ಹೇಳಿದ್ದೇ ಸರಿ. ಬೆಳ್ಳಿ ಎಲ್ಲ ಲಾಕರ್‌ಗೆ ಹಾಕಿ ನಿಶ್ಚಿಂತೆಯಿಂದ ಇರಿ.

ಶ್ರೀಧರ, ಬೆಂಗಳೂರು
ಬಸವರಾಜ್ ಅವರೇ, ಲಾಕರ್ ಬೇಡ ಅನ್ನುವುದಿಲ್ಲ. ಆದರೆ ನಿಶ್ಚಿಂತೆ ಅನ್ನುವ ಮೊದಲು ನಿಯಮ ತಿಳಿದಿರಲಿ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಇಂಥದ್ದಕ್ಕೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ 2,000 ಆದರೆ 2 ಲಕ್ಷ. ನೆರೆ, ಭೂಕಂಪ, ಸಿಡಿಲಿಗೆ ಬ್ಯಾಂಕ್ ಹೊಣೆಯಲ್ಲ. ಇನ್ನೊಂದು, ಲಾಕರ್ ಒಳಗೆ ತೇವ ಎಷ್ಟಿದೆ ಅಂತ ಯಾರೂ ನೋಡುವುದಿಲ್ಲ. ಪಿವಿಸಿ ಆಲ್ಬಂ ಅಲ್ಲಿಗೆ ಹೋದರೆ ಹಸಿರು ಅಲ್ಲೂ ಬೆಳೆಯುತ್ತದೆ, ನೋಡುವವರು ಇರುವುದಿಲ್ಲ ಅಷ್ಟೇ. ಮೊದಲು ಒಳಗಿನ ಹೊದಿಕೆ ಸರಿಯಾಗಲಿ, ಬೀಗ ಎಲ್ಲಿಯದ್ದು ಅಂತ ಆಮೇಲೆ ನೋಡೋಣ.

ಬಸವರಾಜ, ಕಲಬುರಗಿ
2 ಲಕ್ಷವಾದರೂ ಬರುತ್ತದೆ ಸರ್. ಮನೆಯಲ್ಲಿ ಕಳುವಾದರೆ ಯಾರು ಕೊಡುತ್ತಾರೆ?

ಶ್ರೀಧರ, ಬೆಂಗಳೂರು
ಅದನ್ನು ಒಪ್ಪುತ್ತೇನೆ. ಬರೀ ಮನೆ ವಿಮೆ ಇದ್ದರೆ ನಾಣ್ಯ ಅದರಲ್ಲಿ ಸೇರಿದೆ ಅಂದುಕೊಳ್ಳಬಾರದು. ಬೆಲೆಬಾಳುವ ವಸ್ತುಗಳಿಗೆ ಬೇರೆಯಾಗಿ ರಕ್ಷಣೆ ಕೇಳಿ, ಪಟ್ಟಿ ಕೊಡಬೇಕು. ಅದಕ್ಕೇ ಎರಡೂ ಮುಖದ ಫೋಟೋ, ತೂಕ, ಇಸವಿ ಬರೆದ ಪಟ್ಟಿ ಈಗಲೇ ಮಾಡಿ, ಒಂದು ಪ್ರತಿ ಮನೆಯ ಹೊರಗೆ ಇರಲಿ. ರಾಘು, ಇಲ್ಲಿ ನಾಣ್ಯದ ಫೋಟೋ ಹಾಕುವುದಾದರೆ ಹಿಂದೆ ಮನೆ ಕಾಣಿಸದ ಹಾಗೆ ಹಾಕಿ.

ರಾಘು, ಕುಂದಾಪುರ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಲ್ಬಂ ಖಾಲಿ ಮಾಡಿದೆ. ವಾಸನೆ ಅದೇ ಸರ್, ಹೊಸ ರೇನ್‌ಕೋಟಿನದು. ಈಗ ಹೊದಿಕೆ ಯಾವುದು ತರಲಿ? ಬೆಂಕಿ ತಡೆಯುವ ಸಣ್ಣ ತಿಜೋರಿ ತಗೊಂಡರೆ ಕಳ್ಳ, ಬೆಂಕಿ, ತೇವ ಮೂರಕ್ಕೂ ಆಗುತ್ತದಾ?

ಧಾರವಾಡ ಮಾಸ್ತರ್
ತಿಜೋರಿ ತೇವಕ್ಕೆ ಮದ್ದಲ್ಲ, ಕೆಲವೊಮ್ಮೆ ಅದೇ ತೇವದ ಮೂಲ. ಬೆಂಕಿ ತಡೆಯುವ ತಿಜೋರಿಯ ಗೋಡೆಯೊಳಗೆ ನೀರಿನಂಶ ಹಿಡಿದಿಟ್ಟ ಗಾರೆಯಂಥ ವಸ್ತು ತುಂಬಿರುತ್ತಾರೆ. ಬೆಂಕಿ ಬಿದ್ದಾಗ ಆ ನೀರು ಆವಿಯಾಗಿ ಒಳಗನ್ನು ತಂಪಾಗಿಡಬೇಕು ಅನ್ನುವುದು ಅದರ ಲೆಕ್ಕ. ಬೆಂಕಿ ಇಲ್ಲದ ದಿನಗಳಲ್ಲೂ ಸ್ವಲ್ಪ ಸ್ವಲ್ಪ ತೇವ ಒಳಗೆ ಸೇರುತ್ತದೆ. ತರುವುದಾದರೆ ತನ್ನಿ, ಆದರೆ ನಾಣ್ಯಗಳು ಅದರೊಳಗೆ ಬಿಗಿ ಮುಚ್ಚಳದ ಬೇರೆ ಡಬ್ಬಿಯಲ್ಲಿ ಇರಬೇಕು.

ಹೊದಿಕೆ ಕೊಳ್ಳುವಾಗ ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಸ್ಟೈರೀನ್, ಪಾಲಿಯೆಸ್ಟರ್ ಹಾಳೆಯಾದ ಮೈಲಾರ್, ಈ ಹೆಸರುಗಳನ್ನು ಕೇಳಿ. ಅನುಮಾನ ಇದ್ದರೆ ಒಂದು ಪರೀಕ್ಷೆ ಇದೆ. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ ತುಂಡಿಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಪಿವಿಸಿ ಇರಬಹುದು. ಹೊಗೆ ವಿಷ, ಅಂಗಳದಲ್ಲಿ ಮಾಡಿ.

ಅನಿತಾ, ಮೈಸೂರು
ನಾವು ಬಳಸುವುದು ಮೈಲಾರ್ ಕಿಟಕಿ ಇರುವ ರಟ್ಟಿನ ಹೋಲ್ಡರ್. ಅಗ್ಗ, ಹೆಸರು ಇಸವಿ ಮೇಲೆಯೇ ಬರೆಯಬಹುದು. ರಟ್ಟು ಆಮ್ಲರಹಿತ ಅಂತ ನೋಡಿ ತಗೊಳ್ಳಿ.

ಶ್ರೀಧರ, ಬೆಂಗಳೂರು
ಕರಾವಳಿಗೆ ಆ ರಟ್ಟು ನನಗೆ ಇಷ್ಟ ಇಲ್ಲ ಮೇಡಂ. ರಟ್ಟು ನೀರು ಹೀರುತ್ತದೆ, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ. ಪಿನ್ನನ್ನು ಚಪ್ಪಟೆ ಮಾಡದೆ ಒಂದರ ಮೇಲೊಂದು ಇಟ್ಟರೆ ಪಕ್ಕದ ನಾಣ್ಯಕ್ಕೆ ಗೀರು. ಮೈಸೂರಿಗೆ ಸರಿ. ಕುಂದಾಪುರಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಕ್ಯಾಪ್ಸೂಲ್ ವಾಸಿ. ರೂಪಾಯಿಯ ಅಡ್ಡಳತೆ 30 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಳೆದು ತರಿಸಿ. ಸಡಿಲ ಇದ್ದರೆ ಒಳಗೆ ಆಡಿ ಸವೆಯುತ್ತದೆ. ಮಕ್ಕಳ ಕೈಗೂ ಕೊಡಬಹುದು, ಬೆರಳು ಲೋಹಕ್ಕೆ ತಾಗುವುದಿಲ್ಲ.

ಅನಿತಾ, ಮೈಸೂರು
ಎಲ್ಲದಕ್ಕೂ ಕ್ಯಾಪ್ಸೂಲ್ ಅಂದರೆ ಖರ್ಚು ನೋಡಿ ಸರ್. ಹತ್ತು ಪೈಸೆಗೆ ಅದಕ್ಕಿಂತ ಬೆಲೆಯ ಕ್ಯಾಪ್ಸೂಲ್ ಯಾಕೆ? ಬೆಳ್ಳಿಗೆ, ಟಿಪ್ಪು ಪೈಸೆಗೆ ಕ್ಯಾಪ್ಸೂಲ್. ಉಳಿದವಕ್ಕೆ ರಟ್ಟು, ಪಿನ್ನಿನ ಬದಲು ತಾನೇ ಅಂಟುವ ಹೋಲ್ಡರ್ ಸಿಗುತ್ತವೆ.

ಶ್ರೀಧರ, ಬೆಂಗಳೂರು
ಅದು ಸರಿ. ಆದರೆ ಅಲ್ಯೂಮಿನಿಯಂ ಸುಮ್ನೆ ಬಿಡುವ ಲೋಹ ಅಲ್ಲ. ಉಪ್ಪು ಗಾಳಿಗೆ ಬಿಳಿ ಪುಡಿ ಏಳುತ್ತದೆ. ಯಾವ ಹೋಲ್ಡರ್ ಆದರೂ ಒಣಗಿದ ಡಬ್ಬಿಯೊಳಗೇ ಇರಲಿ.

ವೀಣಾ, ಶಿವಮೊಗ್ಗ
ವೆಲ್ವೆಟ್ ಪೆಟ್ಟಿಗೆಯ ಬಗ್ಗೆ ಯಾರೂ ಹೇಳಲಿಲ್ಲ. ಡಬ್ಬಿಯಲ್ಲಿ ಅಕ್ಕಿ, ಲವಂಗ ಹಾಕಿದರೆ ತೇವ ಎಳೆದುಕೊಳ್ಳುತ್ತದೆ ಅಂತಾರೆ, ನಿಜವಾ? ಉಪ್ಪಿನ ಡಬ್ಬಿಗೆ ನಾವು ಅಕ್ಕಿ ಹಾಕುತ್ತೇವೆ.

ಧಾರವಾಡ ಮಾಸ್ತರ್
ಅಕ್ಕಿ ಎಳೆಯುವುದು ತೀರಾ ಕಡಿಮೆ, ಮೇಲಿಂದ ಹಿಟ್ಟು, ಹುಳ. ಲವಂಗದ ಎಣ್ಣೆ ನಾಣ್ಯಕ್ಕೆ ಬೇಡ. ನುಸಿ ಗುಳಿಗೆಯೂ ಬೇಡ. ವೆಲ್ವೆಟ್ ಪೆಟ್ಟಿಗೆಯಲ್ಲಿ ಕೆಡಿಸುವುದು ಒಳಗಿನ ಪ್ಲೈವುಡ್ ಮತ್ತು ಅಂಟು. ಅವು ಆಮ್ಲದ ಆವಿ ಬಿಡುತ್ತವೆ. ಗಂಧದ ಪೆಟ್ಟಿಗೆ ಮನಸ್ಸಿಗೆ ಚೆಂದ, ಅದರ ಎಣ್ಣೆಯ ಆವಿಯಲ್ಲಿ ನಾಣ್ಯವನ್ನು ವರ್ಷಗಟ್ಟಲೆ ಇಡಬಾರದು.

ಸಿಲಿಕಾ ಜೆಲ್ ತನ್ನಿ. ನೀಲಿ ಹರಳು ತೇವ ಹೀರಿ ಗುಲಾಬಿ ಆಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ವಿಷ. ಮಕ್ಕಳಿರುವ ಮನೆಗೆ ಕಿತ್ತಳೆ ಬಣ್ಣದ್ದು ವಾಸಿ. ಬಣ್ಣ ಬದಲಾದಾಗ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಒಂದು ಸಣ್ಣ ತೇವಮಾಪಕವನ್ನೂ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ನಿಮ್ಮ ಊರಿನ ಗಾಳಿಯಲ್ಲಿ ತೇವ ಶೇ 85 ದಾಟುತ್ತದೆ. ಡಬ್ಬಿಯೊಳಗೆ 40ರ ಆಸುಪಾಸು ಇರಲಿ. ಡಬ್ಬಿಯನ್ನು ಪದೇ ಪದೇ ತೆರೆದರೆ ಇದೆಲ್ಲ ವ್ಯರ್ಥ. ಮಕ್ಕಳಿಗೆ ತೋರಿಸುವುದನ್ನು ಚಳಿಗಾಲ, ಬೇಸಿಗೆಗೆ ಇಟ್ಟುಕೊಳ್ಳಿ.

ಶ್ರೀಧರ, ಬೆಂಗಳೂರು
ಬೀರುವಿನ ಜಾಗವೂ ಮುಖ್ಯ. ಮಳೆ ಹೊಡೆಯುವ ಪಡುವಣ ಗೋಡೆಗೆ ಒರಗಿಸಬೇಡಿ. ಕೆಳಗಿನ ಖಾನೆ ಬೇಡ, ಅಟ್ಟದ ಮೇಲೂ ಬೇಡ, ಅಲ್ಲಿ ಕಾವು ಜಾಸ್ತಿ. ಮನೆಯ ನಡುವಿನ ಕೋಣೆ, ಒಳಗೋಡೆ, ಎದೆಮಟ್ಟದ ಖಾನೆ.

ರಾಘು, ಕುಂದಾಪುರ
ಹಾಗಾದರೆ ಕ್ಯಾಪ್ಸೂಲ್, ಬಿಗಿ ಡಬ್ಬಿ, ಕಿತ್ತಳೆ ಸಿಲಿಕಾ, ಒಳಕೋಣೆಯ ಬೀರು. ಅಮ್ಮನಿಗೆ ಎರಡು ಜಾರ್ಜ್ ರೂಪಾಯಿ ಕೊಟ್ಟೆ, ಖುಷಿಯಾದರು. ಭಾವನಿಗೆ ಇನ್ನೂ ಸಮಾಧಾನ ಇಲ್ಲ.

ಬಸವರಾಜ, ಕಲಬುರಗಿ
ನಿಮ್ಮ ಭಾವನ ಜೊತೆ ನಾನೂ ಇದ್ದೇನೆ. 1840ರದ್ದು ಒಂದನ್ನಾದರೂ ಅದೇ ಥರ ಡಬ್ಬಿಯಲ್ಲಿ ಹಾಕಿ ಲಾಕರ್‌ನಲ್ಲಿಡಿ. ತಿಜೋರಿ ತಂದರೆ ಗೋಡೆಗೆ ಬೋಲ್ಟ್ ಹಾಕಿಸಿ. ಹಾಕದಿದ್ದರೆ ಕಳ್ಳ ಅದನ್ನೇ ಹೊತ್ತುಕೊಂಡು ಹೋಗುತ್ತಾನೆ.

ರಾಘು, ಕುಂದಾಪುರ
ಬೋಲ್ಟ್ ಹಾಕಿಸುತ್ತೇನೆ. ಕೊನೆಗೆ ಒಂದು ಪ್ರಶ್ನೆ ಮಾಸ್ತರ್. ಟಿಪ್ಪು ಪೈಸೆಗಳಲ್ಲಿ ಒಂದು ನಗರ ಟಂಕಸಾಲೆಯದು, ನಮ್ಮ ಘಟ್ಟದ ಮೇಲಿನ ಹೊಸನಗರ ತಾಲೂಕಿನ ನಗರ. ಅದರ ಆನೆಯ ಕಾಲಿನ ಹತ್ತಿರ ತಿಳಿ ಹಸಿರು ಚುಕ್ಕೆ ಇದೆ. ಅಂಟು ಇಲ್ಲ, ಪುಡಿ ಪುಡಿ. ಅಸಿಟೋನ್‌ಗೆ ಹೋಗಲಿಲ್ಲ.

ಧಾರವಾಡ ಮಾಸ್ತರ್
ಅದು ಪ್ಲಾಸ್ಟಿಕ್ಕಿನ ಅಂಟಲ್ಲ ಅನಿಸುತ್ತದೆ. ತಾಮ್ರದೊಳಗೆ ಕ್ಲೋರೈಡ್ ಉಪ್ಪು ಸೇರಿದಾಗ ಹೀಗೆ ಪುಡಿ ಏಳುತ್ತದೆ. ತೇವ ಸಿಕ್ಕರೆ ಉಪ್ಪಿನಿಂದ ಆಮ್ಲ ಹುಟ್ಟುತ್ತದೆ, ಆಮ್ಲ ಇನ್ನಷ್ಟು ತಾಮ್ರ ತಿನ್ನುತ್ತದೆ, ಮತ್ತೆ ಅದೇ ಉಪ್ಪು. ತಾನಾಗಿ ನಿಲ್ಲುವುದಿಲ್ಲ. ಸೂಜಿಯಿಂದ ಕೆರೆಯಬೇಡಿ. ಆ ಪೈಸೆಯನ್ನು ಉಳಿದವುಗಳಿಂದ ಬೇರೆ ಮಾಡಿ, ಸಣ್ಣ ಡಬ್ಬಿಯಲ್ಲಿ ಹೆಚ್ಚು ಸಿಲಿಕಾ ಹಾಕಿ ತೇವ 35ರ ಕೆಳಗೆ ಇಳಿಸಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಇವತ್ತೊಂದು ಫೋಟೋ ತೆಗೆಯಿರಿ. ಮುಂದಿನ ತಿಂಗಳು ಅದೇ ಬೆಳಕಲ್ಲಿ ಇನ್ನೊಂದು. ಚುಕ್ಕೆ ದೊಡ್ಡದಾಗಿದ್ದರೆ ಎರಡನ್ನೂ ಇಲ್ಲಿ ಹಾಕಿ. ಆಗ ಮನೆಯಲ್ಲಿ ಏನೂ ಮಾಡಬೇಡಿ, ವಸ್ತುಸಂಗ್ರಹಾಲಯಕ್ಕೆ ಲೋಹ ಸಂರಕ್ಷಣೆ ಮಾಡುವವರ ಕೈಗೇ ಕೊಡಬೇಕು.