ಅಪ್ಪನ ಅಂಗಾಲು ಉರಿ ತಾನಾಗಿ ನಿಂತಿದೆ, ಶ್ರೀಶೈಲಕ್ಕೆ ನಡೆಯಲು ಬಿಡಬಹುದಾ?

ಕಬ್ಬಿನಹೊಲ (ಜಮಖಂಡಿ)
ಅಪ್ಪನಿಗೆ 61, ಶುಗರ್ ಬಂದು 14 ವರ್ಷ. ಎರಡು ವರ್ಷದಿಂದ ರಾತ್ರಿಯಾದರೆ ಅಂಗಾಲು ಉರಿ. ಚಾದರ ತಾಗಿದರೂ ತಡೆಯುತ್ತಿರಲಿಲ್ಲ, ಎದ್ದು ತಣ್ಣನೆ ಫರಸಿ ಮೇಲೆ ಕಾಲಿಟ್ಟು ಕೂರುತ್ತಿದ್ದರು. ದೀಪಾವಳಿ ಆದಮೇಲೆ ಉರಿ ಇಳಿಯುತ್ತಾ ಬಂದು ಈಗ ಇಲ್ಲವೇ ಇಲ್ಲ. ಮಾತ್ರೆ ಬದಲಾಗಿಲ್ಲ, ಚಹಾಕ್ಕೆ ಸಕ್ಕರೆಯನ್ನೂ ಬಿಟ್ಟಿಲ್ಲ. ಶ್ರೀಶೈಲದ ಮಲ್ಲಯ್ಯ ಕಣ್ಣು ತೆರೆದ ಅಂತ ಈ ಯುಗಾದಿಗೆ ಹೆಗಲ ಮೇಲೆ ಹೊತ್ತು ನಡೆಯುವ ಕಂಬಿ ಜೊತೆ ಬರಿಗಾಲಲ್ಲಿ ಹೊರಟಿದ್ದಾರೆ. ಮೊನ್ನೆ ಮಾತ್ರ ಹೊಲದಿಂದ ಒಂದೇ ಚಪ್ಪಲಿಯಲ್ಲಿ ಬಂದರು. ಇನ್ನೊಂದು ಎಲ್ಲಿ ಅಂದರೆ ಕೆಳಗೆ ನೋಡಿಕೊಂಡು 'ಅಯ್ಯ, ಎಲ್ಲಿ ಬಿತ್ತೋ' ಅಂದರು. ಕಬ್ಬಿನ ಒಣಗರಿ ರವದಿಯಲ್ಲಿ ಹುಡುಕಿ ತಂದೆ.

ಗುಮ್ಮಟದಗಾಳಿ (ವಿಜಯಪುರ)
ತಮ್ಮಾ, ಉರಿಗಿಂತ ಆ ಚಪ್ಪಲಿ ಕಥೆಗೇ ನನಗೆ ಹೆದರಿಕೆ ಆಯಿತು. ನಮ್ಮ ಕಾಕಾನಿಗೂ ಹೀಗೇ ಉರಿ ನಿಂತಿತ್ತು, ಎಲ್ಲರೂ ಖುಷಿ ಪಟ್ಟೆವು. ಏಪ್ರಿಲ್ ಮಧ್ಯಾಹ್ನ ಡಾಂಬರು ರಸ್ತೆ ಮೇಲೆ ಬರಿಗಾಲಲ್ಲಿ ನಡೆದು ಬಂದವರಿಗೆ ಗುಳ್ಳೆ ಎದ್ದಿದ್ದೇ ಗೊತ್ತಾಗಲಿಲ್ಲ. ತೋರಿಸಿದ ಕಡೆ ಸಾಕ್ಸ್ ಕೂಡ ತೆಗೆಸದೆ ಮುಲಾಮು ಬರೆದುಕೊಟ್ಟರು. ಕೊನೆಗೆ ಒಂದು ಬೆರಳು ಹೋಯಿತು.

ಬಿಳಿಜೋಳ
ಸುಮ್ನೆ ಹೆದರಿಸಬೇಡ್ರೀ. ದಿನಾ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟರೆ ರಕ್ತ ಓಡಾಡುತ್ತದೆ, ಜೋಮು ಹೋಗುತ್ತದೆ.

ಸಿಸ್ಟರ್ ಬೆಳಗಾವಿ
ಬಿಳಿಜೋಳ ಅವರೇ, ದಯವಿಟ್ಟು ಬೇಡ. ಜೋಮು ಹಿಡಿದ ಕಾಲಿಗೆ ನೀರು ಎಷ್ಟು ಬಿಸಿ ಅಂತಲೇ ತಿಳಿಯುವುದಿಲ್ಲ. ಸುಟ್ಟುಕೊಂಡು ಬಂದವರಿಗೆ ಡ್ರೆಸ್ಸಿಂಗ್ ಮಾಡಿ ಮಾಡಿ ನನಗೆ ಸಾಕಾಗಿದೆ.

ಕಬ್ಬಿನಹೊಲ, ಮೈಯಲ್ಲಿ ಉದ್ದದ ನರ ಪಾದಕ್ಕೆ ಹೋಗುವವು, ಜಾಸ್ತಿ ಸಕ್ಕರೆಗೆ ಮೊದಲು ಕೆಡುವುದೂ ಅವೇ. ಕೆಡುವಾಗ ಉರಿ, ಚುಚ್ಚು. ಪೂರ್ತಿ ಕೆಟ್ಟಮೇಲೆ ಸದ್ದೇ ಇಲ್ಲ. ಸಕ್ಕರೆ ಹತೋಟಿಗೆ ಬರದೆ ಉರಿ ನಿಂತಿದೆ ಅಂದರೆ ನನಗೆ ಎರಡನೆಯದ್ದೇ ಅನುಮಾನ. ಗಾಳದ ದಾರದಂಥ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ನೋಡುವ ಪರೀಕ್ಷೆ ಇದೆ, 10 ಗ್ರಾಂ ಒತ್ತಿದರೆ ಎಳೆ ಬಾಗುತ್ತದೆ, ಐದು ನಿಮಿಷದ ಕೆಲಸ, ಕೇಳಿ ಮಾಡಿಸಿ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಕೂಡ ನೋಡಿಸಿ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತುಂಬಾ ವರ್ಷದಿಂದ ತಗೊಳ್ತಿದ್ದರೆ ವಿಟಮಿನ್ ಬಿ12 ಕೂಡ ನೋಡಿಸಿ, ಅದು ಕಡಿಮೆಯಾದರೂ ಜೋಮು ಬರುತ್ತದೆ, ಅದಕ್ಕೆ ಮದ್ದಿದೆ. ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ.

ಉರಿಗೆ ಕೊಡುವ ಪ್ರೀಗ್ಯಾಬಲಿನ್, ಡುಲೊಕ್ಸೆಟಿನ್ ನೋವು ತಗ್ಗಿಸುತ್ತವೆ ಅಷ್ಟೇ, ಕೆಟ್ಟ ನರ ಕೂಡಿಸುವುದಿಲ್ಲ. ಇನ್ನು ರಾತ್ರಿ ಮಲಗುವ ಮುಂಚೆ ಅಂಗಾಲು ನೀವೇ ನೋಡಿ, ಬೆರಳ ಸಂದಿಯನ್ನೂ ಬಿಡಬೇಡಿ. ಆಣಿಯನ್ನು ಬ್ಲೇಡಿನಲ್ಲಿ ಕೆತ್ತಲು ಬಿಡಬೇಡಿ. ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ಕೊಡಿಸಿ, ಹಿಂದೆ ಪಟ್ಟಿ ಇರುವಂಥದ್ದು. ಬರಿಗಾಲು ಮನೆಯೊಳಗೂ ಬೇಡ, ಶ್ರೀಶೈಲದ ಮಾತು ಆಮೇಲೆ.

ಕಬ್ಬಿನಹೊಲ (ಜಮಖಂಡಿ)
ಅಕ್ಕಾ, ನಿನ್ನೆ ಮಾಡಿಸಿದೆವು. ಕಣ್ಣು ಮುಚ್ಚಿಸಿ ಒಂದೊಂದು ಕಾಲಿಗೆ ನಾಲ್ಕು ಕಡೆ ಮುಟ್ಟಿದರು. ಎಡಗಾಲಿಗೆ ಒಂದು ಸಲವೂ ಹೂಂ ಅನ್ನಲಿಲ್ಲ, 'ಶುರು ಮಾಡ್ರಿ' ಅಂತ ಕಾಯುತ್ತಾ ಕೂತಿದ್ದರು. ಹೆಬ್ಬೆರಳ ಕೆಳಗೆ ಜಾಲಿ ಮುಳ್ಳು ಮುರಿದುಕೊಂಡು ಕೂತಿತ್ತು, ಎಷ್ಟು ದಿನದ್ದೋ. ತೆಗೆದು ತೋರಿಸಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಈಗ ಬಸ್ಸಿಗೆ ಬರುತ್ತೇನೆ ಅಂದಿದ್ದಾರೆ. ಬಿ12 ರಿಪೋರ್ಟ್ ಸೋಮವಾರ.