ಪುಟ್ಟ ಮಕ್ಕಳ ಟೀಚರ್ ಆಗಬೇಕು, ಈ ಸಲ ಸರಿಯಾದ ಕೋರ್ಸ್ ಹಿಡಿಯಬೇಕು (ಕಾಪು, ಉಡುಪಿ)

ಕಾಪುವಿನವಳು:

ಎಲ್ಲರಿಗೂ ನಮಸ್ಕಾರ. ನನಗೆ 29 ವರ್ಷ. ಮನೆ ಕಾಪು, ಲೈಟ್‌ಹೌಸ್‌ಗೆ ಹೋಗುವ ದಾರಿಯಲ್ಲಿ. ಓದಿದ್ದು ಪಿಯುಸಿ ಕಾಮರ್ಸ್, 61 ಪರ್ಸೆಂಟ್. ಎರಡು ವರ್ಷದಿಂದ ಉಡುಪಿಯ ಒಂದು ಪ್ಲೇ ಹೋಮ್‌ನಲ್ಲಿ ಆಯಾ ಆಗಿದ್ದೇನೆ. ಹೆಸರಿಗೆ ಆಯಾ ಅಷ್ಟೆ. ಟೀಚರ್ ರಜೆ ಹಾಕಿದ ದಿನ ಕ್ಲಾಸೂ ನನ್ನದೇ.

ಈ ಕೆಲಸ ನನಗೆ ತುಂಬಾ ಇಷ್ಟ. ಜೂನ್‌ನಲ್ಲಿ ಮೂರೂವರೆ ವರ್ಷದ ಒಬ್ಬ ಹುಡುಗ ಸೇರಿದ. ದಿನಾ ಬೆಳಿಗ್ಗೆ ಬಂದವನು ಕಿಟಕಿಯ ಸರಳು ಹಿಡಿದು ನಿಂತರೆ ಮುಗೀತು, ಊಟದವರೆಗೂ ಅಲ್ಲೇ. ಕರೆದರೆ ಅಳು ಜಾಸ್ತಿ. ನಾನು ಸುಮ್ನೆ ಅವನ ಕಾಲ ಹತ್ತಿರ ನೆಲದಲ್ಲಿ ಕೂತು ಹುಣಸೆ ಬೀಜ ಒಂದೊಂದಾಗಿ ಗೆರಟೆಗೆ ಹಾಕತೊಡಗಿದೆ. ಮಾತಿಲ್ಲ, ಕತೆಯಿಲ್ಲ. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ಅವನು ಸರಳು ಬಿಟ್ಟು ಕೆಳಗೆ ಕೂತ. ಒಂದು ಬೀಜ ತೆಗೆದು ಗೆರಟೆಗೆ ಹಾಕಿದ. ಟಕ್ ಅಂತ ಸದ್ದಾಯಿತು. ನನ್ನ ಮುಖ ನೋಡಿದ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ತೀರ್ಮಾನ ಮಾಡಿದೆ, ನಾನು ಟೀಚರೇ ಆಗಬೇಕು ಅಂತ.

ಆದರೆ ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ. ಹೋದ ವರ್ಷ ಒಂದು ಖಾಸಗಿ ಸಂಸ್ಥೆಯಲ್ಲಿ 24,000 ಕಟ್ಟಿ ನರ್ಸರಿ ಟೀಚರ್ ಡಿಪ್ಲೊಮಾ ಮಾಡಿದೆ. ಭಾನುವಾರ ಭಾನುವಾರ ಕ್ಲಾಸ್. ಇಂಗ್ಲಿಷ್ ರೈಮ್ಸ್, ಚಾರ್ಟ್ ಪೇಪರ್, ಥರ್ಮಾಕೋಲ್ ಕತ್ತರಿಸುವುದು. ಎಂಟು ತಿಂಗಳಲ್ಲಿ ಒಂದೇ ಒಂದು ಮಗುವಿನ ಮುಂದೆ ನಮ್ಮನ್ನು ಕೂರಿಸಲಿಲ್ಲ. ಕೊನೆಗೆ ಚಿನ್ನದ ಅಂಚಿನ ಸರ್ಟಿಫಿಕೇಟ್ ಸಿಕ್ಕಿತು. ಅದನ್ನು ಹಿಡಿದು ಒಂದು ಶಾಲೆಗೆ ಇಂಟರ್‌ವ್ಯೂಗೆ ಹೋದರೆ ಹೆಡ್‌ಮಿಸ್ "ಇದಕ್ಕೆ ಎನ್‌ಸಿಟಿಇ ಮಾನ್ಯತೆ ಉಂಟಾ?" ಎಂದು ಕೇಳಿದರು. ಎನ್‌ಸಿಟಿಇ ಅಂದರೆ ಟೀಚರ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆ ಅಂತ ಆಗ ನನಗೆ ಗೊತ್ತೇ ಇರಲಿಲ್ಲ.

ಈಗ ಒಬ್ಬೊಬ್ಬರದು ಒಂದೊಂದು ಮಾತು. ಡಿಗ್ರಿ ಮಾಡಿ ಬಿಎಡ್ ಮಾಡು ಅಂತಾರೆ. ಅಂಗನವಾಡಿಗೆ ಅರ್ಜಿ ಹಾಕು ಅಂತಾರೆ. ಅತ್ತೆ, "ಚಾವಡಿಯಲ್ಲಿ ಜಾಗ ಉಂಟಲ್ಲ, ನಾವೇ ಮಕ್ಕಳನ್ನು ನೋಡಿಕೊಳ್ಳುವ" ಅಂತಾರೆ. ನಾದಿನಿ ಅಮೆರಿಕದಲ್ಲಿದ್ದಾಳೆ. ಅಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಇದನ್ನೇ ಕಲಿಸುತ್ತಾರಂತೆ. ನಮ್ಮಲ್ಲಿ ಅಂಥದ್ದು ಇಲ್ವಾ? ಯಾವುದು ಹಿಡಿದರೆ ಸರಿ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬ್ರಹ್ಮಾವರದ ಮೇಷ್ಟ್ರು:

ಮೊದಲು ಬಿಎಡ್ ವಿಚಾರ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಒಂದರಿಂದ ಐದನೇ ತರಗತಿಯವರೆಗೆ ಪಾಠ ಮಾಡಲು ಬಿಎಡ್ ಅರ್ಹತೆ ಅಲ್ಲ, ಡಿ.ಎಲ್.ಇಡಿಯೇ ಬೇಕು, ಅಂದರೆ ಪ್ರಾಥಮಿಕ ಶಾಲೆ ಶಿಕ್ಷಕರ ಡಿಪ್ಲೊಮಾ. ನಾವೆಲ್ಲ ಟಿಸಿಎಚ್, ಡಿಎಡ್ ಅಂತ ಕರೆಯುತ್ತಿದ್ದದ್ದು ಈಗ ಅದೇ ಹೆಸರಿನಲ್ಲಿದೆ. ಎರಡು ವರ್ಷ. ಪಿಯುಸಿಯಲ್ಲಿ 50 ಪರ್ಸೆಂಟ್ ಇದ್ದರೆ ಸಾಕು, ನಿಮಗೆ ಇದೆ. ಆಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು. ಮಂಗಳೂರಿನ ಕೊಡಿಯಾಲ್‌ಬೈಲ್‌ನಲ್ಲಿ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದೆ, ಅಲ್ಲಿ ಹೋಗಿ ಮುಖತಃ ಕೇಳಿ. ಆದರೆ ನಿಮ್ಮ ಮನಸ್ಸು ಮೂರು ನಾಲ್ಕು ವರ್ಷದ ಮಕ್ಕಳ ಮೇಲೆ ಇದೆ ಅನಿಸುತ್ತದೆ. ಅದಕ್ಕೆ ಎನ್‌ಸಿಟಿಇ ಪಟ್ಟಿಯಲ್ಲಿ ಬೇರೆಯೇ ಕೋರ್ಸ್ ಇದೆ, ಡಿಪಿಎಸ್‌ಇ ಅಂತ. ಪ್ರಿಸ್ಕೂಲ್ ಡಿಪ್ಲೊಮಾ, ಅದೂ ಎರಡು ವರ್ಷ. ಹಣ ಕಟ್ಟುವ ಮೊದಲು ಆ ಸಂಸ್ಥೆಗೆ, ಆ ಕೋರ್ಸಿಗೇ ಮಾನ್ಯತೆ ಪತ್ರ ಇದೆಯಾ ಅಂತ ಕಣ್ಣಾರೆ ನೋಡಿ. ಬೋರ್ಡಿನಲ್ಲಿ ಬರೆದದ್ದನ್ನು ನಂಬಬೇಡಿ.

ಬಾಲವಾಡಿ ಟೀಚರ್, ಮಂಗಳೂರು:

ತಂಗಿ, ನಿನ್ನ ಹುಣಸೆ ಬೀಜದ ಸಂಗತಿ ಎರಡು ಸಲ ಓದಿದೆ. ನಾನು 31 ವರ್ಷ ಬಾಲವಾಡಿ ನಡೆಸಿದವಳು, ಈಗ ಮನೆಯಲ್ಲಿದ್ದೇನೆ. ನೀನು ಆ ಮೂರು ದಿನ ಮಾತಾಡದೆ ಕೂತೆಯಲ್ಲ, ಅದನ್ನು ಕಲಿಯಲು ನನಗೆ ಐದಾರು ವರ್ಷ ಬೇಕಾಯಿತು. ಆದರೆ ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡಬೇಡ. ಆ ಬೀಜ ತೆಗೆದಿಡು. ನಿನ್ನ ಹುಡುಗನಿಗೆ ಮೂರೂವರೆ ಇರಬಹುದು, ಅದೇ ಕೋಣೆಯಲ್ಲಿ ಎರಡು ವರ್ಷದವರೂ ಇರುತ್ತಾರೆ ಅಲ್ವಾ? ಚೆನ್ನೆಮಣೆ ಆಟದ ಮಂಜಟ್ಟಿ ಬೀಜವೂ ಹಾಗೇ. ಮಣೆಯಲ್ಲಿ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ದೊಡ್ಡ ಮಕ್ಕಳಿಗೆ ಎಣಿಕೆ ಕಲಿಸಲು ಅದಕ್ಕಿಂತ ಒಳ್ಳೆಯದು ನಾನು ಕಾಣಲಿಲ್ಲ. ಸಣ್ಣವರ ಕೈಗೆ ಮಾತ್ರ ಕೊಡುತ್ತಿರಲಿಲ್ಲ. ಅವರಿಗೆ ಉದುರಿದ ತೆಂಗಿನ ಮಿಡಿ, ಒಂದು ಬಾಲ್ದಿ. ಅದು ಬಾಯಿಗೆ ಹೋಗುವುದಿಲ್ಲ.

ನಾನು ಹೀಗೆ ಹೆದರಲು ಕಾರಣ ಉಂಟು. ಒಂದು ಮಧ್ಯಾಹ್ನ ನಮ್ಮ ಬಾಲವಾಡಿಯಲ್ಲಿ ಒಂದು ಹೆಣ್ಣು ಮಗು, ಮೂರು ತುಂಬಿರಲಿಲ್ಲ, ಬಾಯಲ್ಲಿ ನೆಲಕಡಲೆ ಇಟ್ಟುಕೊಂಡು ಓಡಿತು. ಅಳು ಇಲ್ಲ, ಕೆಮ್ಮು ಇಲ್ಲ. ಬಾಯಿ ತೆರೆದಿದೆ, ಸ್ವರವೇ ಬರುತ್ತಿಲ್ಲ. ತುಟಿ ನೀಲಿಯಾಗತೊಡಗಿತು. ನಾನು ಅವಳನ್ನು ಮೊಣಕಾಲ ಮೇಲೆ ಮುಂದಕ್ಕೆ ಬಗ್ಗಿಸಿ ಎರಡು ಭುಜದ ಮೂಳೆಗಳ ನಡುವೆ ಅಂಗೈಯ ಬುಡದಿಂದ ಹೊಡೆದೆ. ಐದು ಸಲ ಹೊಡೆಯಬೇಕು ಅಂತ ಕಲಿತಿದ್ದೆ. ನಾಲ್ಕನೆಯದಕ್ಕೆ ಕಡಲೆ ನೆಲಕ್ಕೆ ಬಿತ್ತು. ಆಮೇಲೆ ಆ ಮಗು ಅತ್ತದ್ದು ಈಗಲೂ ಕಿವಿಯಲ್ಲಿ ಉಂಟು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ತರಬೇತಿಯಲ್ಲಿ ಒಂದು ದಿನ ಪ್ರಥಮ ಚಿಕಿತ್ಸೆ ಇಟ್ಟಿದ್ದರು. ನಾನು ಅವತ್ತು ರಜೆ ಹಾಕುವವಳಿದ್ದೆ, ಮನೆಯಲ್ಲಿ ಯಾರದೋ ಮದುವೆ. ಐದು ಹೊಡೆದೂ ಹೋಗದಿದ್ದರೆ ಹೊಟ್ಟೆ ಒತ್ತಬೇಕು, ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಅಲ್ಲ, ಎದೆ. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಕೈಯಲ್ಲಿ ಗೊಂಬೆ ಕೊಟ್ಟು ಮಾಡಿಸಬೇಕು.

ಹಾಗಾಗಿ ಯಾವ ಕೋರ್ಸಿಗೆ ಹೋದರೂ, ಫೀಸು ಎಷ್ಟು ಅಂತ ಕೇಳುವ ಮೊದಲು, ಎಷ್ಟು ದಿನ ಮಕ್ಕಳ ಜತೆ ಕೂರಿಸುತ್ತೀರಿ ಅಂತ ಕೇಳು. ಎಷ್ಟು ಗಂಟೆ, ಯಾವ ಬಾಲವಾಡಿಯಲ್ಲಿ, ಪಕ್ಕದಲ್ಲಿ ನಿಂತು ತಿದ್ದುವವರು ಯಾರು? ಇದಕ್ಕೆ ಉತ್ತರ ತಡವರಿಸಿದರೆ ಎದ್ದು ಬಾ. ನಿನ್ನ 24,000 ಹೋದದ್ದು ಮಾನ್ಯತೆ ಇಲ್ಲ ಅಂತ ಮಾತ್ರ ಅಲ್ಲ. ಎಂಟು ತಿಂಗಳು ಥರ್ಮಾಕೋಲ್ ಕತ್ತರಿಸಿದೆಯಲ್ಲ, ನನಗೆ ಅದೇ ಹೆಚ್ಚು ಸಿಟ್ಟು ಬಂದದ್ದು.

ಕೆಲಸ ಬಿಡದೆ ಓದಬೇಕಿದ್ದರೆ ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದ ಡಿಇಸಿಇ ನೋಡು, ಪುಟ್ಟ ಮಕ್ಕಳ ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ. ಪಿಯುಸಿ ಆಗಿದ್ದರೆ ಸಾಕು, ಕಡಿಮೆ ಅಂದರೆ ಒಂದು ವರ್ಷ. ಒಟ್ಟು 32 ಕ್ರೆಡಿಟ್, ಅದರಲ್ಲಿ 8 ಬರೀ ಪ್ರಾಜೆಕ್ಟ್. ಅಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಕೆಲಸ, ಹಾಗಾಗಿ 240 ಗಂಟೆ ಆಯಿತು. ಜನವರಿ, ಜುಲೈ ಎರಡು ಸಲ ಪ್ರವೇಶ. ನೀನು ಈಗಾಗಲೇ ಮಕ್ಕಳ ನಡುವೆ ಇರುವವಳು, ನಿನಗೆ ಅದು ಹೊರೆ ಆಗುವುದಿಲ್ಲ. ಇದು ಡಿ.ಎಲ್.ಇಡಿಗೆ ಬದಲಿ ಅಲ್ಲ, ಸರಕಾರಿ ಪ್ರೈಮರಿ ಶಾಲೆಯ ಕೆಲಸಕ್ಕೆ ದಾರಿಯೂ ಅಲ್ಲ. ಅದನ್ನು ತಿಳಿದೇ ಸೇರು.

ಅಂಗನವಾಡಿಯನ್ನು ಯಾರಾದರೂ ಕೀಳಾಗಿ ಹೇಳಿದರೆ ಕೇಳಬೇಡ. 1975ರ ಅಕ್ಟೋಬರ್ 2ಕ್ಕೆ ಶುರುವಾದ ಯೋಜನೆ ಅದು, ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಈಗ ಕಾರ್ಯಕರ್ತೆ ಆಗಲು ಪಿಯುಸಿ ಕೇಳುತ್ತಾರೆ, ವಯಸ್ಸು 19ರಿಂದ 35, ಆ ಊರಿನವಳೇ ಆಗಿರಬೇಕು. ಕೊಡುವುದು ಸಂಬಳ ಅಲ್ಲ, ಗೌರವಧನ. ಗ್ರಾಚ್ಯುಟಿಗೂ ಅವರು ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು, 2022ರಲ್ಲಿ ಸಿಕ್ಕಿತು. ಹೊಸ ಶಿಕ್ಷಣ ನೀತಿಯಲ್ಲಿ, ಅಂದರೆ 2020ರದ್ದರಲ್ಲಿ, ಪಿಯುಸಿ ಆದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಕೊಡಿಸಬೇಕು ಅಂತ ಬರೆದಿದ್ದಾರೆ. ಪುಟ್ಟ ಮಕ್ಕಳನ್ನು ನೋಡಿಕೊಳ್ಳುವುದೂ ಕಲಿತು ಮಾಡುವ ಕೆಲಸ ಅಂತ ಅಲ್ಲಿ ಒಪ್ಪಿಕೊಂಡಂತೆ ಆಯಿತು, ನನಗೆ ಅಷ್ಟಕ್ಕೇ ಕಣ್ಣು ತುಂಬಿತ್ತು.

ಭಾಷೆಯ ವಿಷಯ ಯಾವ ಕೋರ್ಸಿನಲ್ಲೂ ನನಗೆ ಸರಿಯಾಗಿ ಕಲಿಸಲಿಲ್ಲ. ನಮ್ಮ ಕಡೆ ಒಂದೇ ಚಾಪೆಯಲ್ಲಿ ಒಂದು ಮಗು ತುಳುವಿನಲ್ಲಿ "ನೀರ್ ಬೋಡು" ಅನ್ನುತ್ತದೆ, ಇನ್ನೊಂದು ಕೊಂಕಣಿಯಲ್ಲಿ "ಉದಕ್ ಜಾಯ್" ಅನ್ನುತ್ತದೆ, ಕುಂದಾಪುರದಿಂದ ಬಂದದ್ದು "ನೀರ್ ಬೇಕ್" ಅನ್ನುತ್ತದೆ. ಮೂವರಿಗೂ ಬಾಯಾರಿಕೆ. ಘಟ್ಟದ ಮೇಲಿನಿಂದ ಬಂದ ಒಬ್ಬ ಹೊಸ ಟೀಚರಿಗೆ ಕೊಂಕಣಿ ಮಗು ಕೇಳಿದ್ದು ತಿಳಿಯದೆ ಅದು ಇಡೀ ಬೆಳಿಗ್ಗೆ ನೀರು ಕುಡಿಯದೆ ಕೂತಿತ್ತು. ಮೊದಲ ವಾರದಲ್ಲೇ ಪ್ರತಿ ಮಗುವಿನ ತಾಯಿಯ ಹತ್ತಿರ ನಾಲ್ಕು ಮಾತು ಕೇಳಿ ಬರೆದುಕೋ. ನೀರು, ಹಸಿವು, ನೋವು, ಒಂದಕ್ಕೆ. ಉಳಿದದ್ದು ಆಮೇಲೆ.

ಕುಂದಾಪುರದ ಅಕ್ಕ, ಈಗ ಕ್ಯಾಲಿಫೋರ್ನಿಯಾದಲ್ಲಿ:

ನಿಮ್ಮ ನಾದಿನಿ ಹೇಳಿದ್ದು ನಿಜ. ನಾನು ಇಲ್ಲಿ ಕಮ್ಯುನಿಟಿ ಕಾಲೇಜಿನಲ್ಲೇ ಓದಿದ್ದು, ಸಂಜೆ ಕ್ಲಾಸ್. ಈ ರಾಜ್ಯದಲ್ಲಿ ಪ್ರಿಸ್ಕೂಲ್ ಟೀಚರ್ ಆಗಲು ಪುಟ್ಟ ಮಕ್ಕಳ ಶಿಕ್ಷಣದಲ್ಲಿ 12 ಯೂನಿಟ್ ಓದಿರಬೇಕು, ಜತೆಗೆ ಆರು ತಿಂಗಳ ಅನುಭವ. ಒಂದು ಪೇಪರ್ 3 ಯೂನಿಟ್, ಹಾಗಾಗಿ ನಾಲ್ಕು ಪೇಪರ್. ಮಗುವಿನ ಬೆಳವಣಿಗೆ, ಮಗು ಮತ್ತು ಕುಟುಂಬ, ಚಟುವಟಿಕೆ ರೂಪಿಸುವುದು, ಇವು ಬಿಡುವ ಹಾಗಿಲ್ಲ. ಸಿಡಿಎ ಅಂತ ಪುಟ್ಟ ಮಕ್ಕಳ ಟೀಚರಿಗೆ ಇನ್ನೊಂದು ಅರ್ಹತಾ ಪತ್ರ ಉಂಟು, ಇಡೀ ಅಮೆರಿಕದಲ್ಲಿ ನಡೆಯುತ್ತದೆ. ಅದಕ್ಕೆ 120 ಗಂಟೆ ಪಾಠ, 480 ಗಂಟೆ ಮಕ್ಕಳ ಜತೆ ಕೆಲಸ. ಟೀಚರ್ ಕೇಳು ಅಂದ ಗಂಟೆಯ ಲೆಕ್ಕ ಇಲ್ಲಿ ಅಕ್ಷರಶಃ ಉಂಟು ನೋಡಿ, ಪಾಠದ ನಾಲ್ಕರಷ್ಟು ಹೊತ್ತು ಮಕ್ಕಳ ಜತೆ. ಇಲ್ಲಿಯ ನಿಯಮದಲ್ಲಿ 12 ಪ್ರಿಸ್ಕೂಲ್ ಮಕ್ಕಳಿಗೆ ಒಬ್ಬರು ಟೀಚರ್, ಕೂಸುಗಳಾದರೆ ನಾಲ್ಕಕ್ಕೆ ಒಬ್ಬರು.

ಊರಲ್ಲೂ ಯುಜಿಸಿ 12ನೇ ಪಂಚವಾರ್ಷಿಕ ಯೋಜನೆಯಲ್ಲಿ ಕಮ್ಯುನಿಟಿ ಕಾಲೇಜು ಯೋಜನೆ ತಂದಿತ್ತು, ಡಿಗ್ರಿ ಕಾಲೇಜುಗಳ ಒಳಗೇ ಕಸುಬಿನ ಡಿಪ್ಲೊಮಾ ನಡೆಸಲು. ಹತ್ತಿರದ ಕಾಲೇಜುಗಳಲ್ಲಿ ಮಕ್ಕಳ ಆರೈಕೆಯದ್ದು ನಡೆಯುತ್ತಿದೆಯಾ ಅಂತ ವಿಚಾರಿಸಿ.

ನನಗೆ ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ಪುಟದ ಹೋಮ್‌ವರ್ಕ್. ಹತ್ತು ನಿಮಿಷ ಒಂದೇ ಮಗುವನ್ನು ನೋಡಿ ಬರೆಯಬೇಕು. ನಾನು "ಊಟದ ಹೊತ್ತಿಗೆ ಹಠ ಮಾಡಿದ" ಅಂತ ಬರೆದಿದ್ದೆ. ಪ್ರೊಫೆಸರ್ ಅದರ ಕೆಳಗೆ ಕೆಂಪು ಗೆರೆ ಎಳೆದು, ನೀನು ಕಣ್ಣಲ್ಲಿ ಕಂಡದ್ದು ಏನು ಅಂತ ಕೇಳಿದರು. ಯೋಚನೆ ಮಾಡಿದೆ. ಚಮಚ ನೆಲಕ್ಕೆ ಬಿಸಾಡಿದ್ದು ಕಂಡಿದ್ದೆ. ಬಾಗಿಲ ಕಡೆ ಎರಡು ಸಲ ನೋಡಿದ್ದು ಕಂಡಿದ್ದೆ. ಹಠ ಕಂಡಿರಲಿಲ್ಲ. ಅವನ ಅಮ್ಮ ಬರುವ ಹೊತ್ತು ಅದು. ಇದಕ್ಕೆ ಫೀಸು ಬೇಡ, ನೋಟ್‌ಬುಕ್ ಸಾಕು, ನಾಳೆಯೇ ಶುರು ಮಾಡಬಹುದು.

ಸುರತ್ಕಲ್‌ನಿಂದ:

ಚಾವಡಿಯ ವಿಚಾರಕ್ಕೆ ಮಾತ್ರ ಹೇಳುತ್ತೇನೆ. ನಾನು ಮನೆಯಲ್ಲೇ ಒಂಬತ್ತು ಮಕ್ಕಳನ್ನು ನೋಡಿಕೊಳ್ಳುತ್ತೇನೆ, ಆರು ವರ್ಷ ಆಯಿತು. ಬೇಡಿಕೆ ಖಂಡಿತ ಉಂಟು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಶ್, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇರಬೇಕು ಅಂತ ಬಂದ ಮೇಲೆ ಕೇಳುವವರು ಜಾಸ್ತಿ. ಪಂಚಾಯತ್‌ಗಳಲ್ಲೂ ಕೂಸಿನ ಮನೆ ಶುರುವಾಗಿದೆ, ಅಲ್ಲೂ ಆರೈಕೆಗೆ ಜನ ಬೇಕು. ಆದರೆ ಒಬ್ಬರೇ ಶುರು ಮಾಡಬೇಡಿ. ಒಂದು ಮಗುವಿನ ಬಟ್ಟೆ ಬದಲಿಸುವಾಗ ಉಳಿದವರ ಮೇಲೆ ಇನ್ನೊಂದು ಜೊತೆ ಕಣ್ಣು ಇರಲೇಬೇಕು. ಅತ್ತೆ ಬರುವುದಾದರೆ ಅವರಿಗೂ ಪ್ರಥಮ ಚಿಕಿತ್ಸೆ ಕಲಿಸಿ. ಬಾವಿಗೆ ಕಟ್ಟೆ ಇದ್ದರೂ ಮೇಲೆ ಬಲೆ ಹಾಕಿಸಿ, ಗೇಟಿನ ಚಿಲಕ ಮೇಲ್ಗಡೆ ಇರಲಿ.

ಕಾಪುವಿನವಳು:

ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳುವುದು ಗೊತ್ತಾಗುತ್ತಿಲ್ಲ. ಬೀಜ ನಿನ್ನೆಯೇ ತೆಗೆದಿಟ್ಟೆ ಟೀಚರ್. ಬಾಲ್ದಿ, ತೆಂಗಿನ ಮಿಡಿ ಬಂದಿದೆ. ಮನೆಯವರ ಹತ್ತಿರ ಮಾತಾಡಿದೆ. ಮೊದಲು ಡಿಇಸಿಇ, ಕೆಲಸ ಬಿಡುವುದಿಲ್ಲ. ನಮ್ಮ ಊರಲ್ಲಿ ಅಂಗನವಾಡಿ ಹುದ್ದೆ ಖಾಲಿಯಾದರೆ ಅರ್ಜಿಯೂ ಹಾಕುತ್ತೇನೆ. ಚಾವಡಿ ಸದ್ಯಕ್ಕೆ ಬೇಡ ಅಂತ ಅತ್ತೆಯೂ ಒಪ್ಪಿದರು, ಬಾವಿಯ ಮಾತು ಓದಿ ಹೇಳಿದ ಮೇಲೆ.

ಇವತ್ತು ಆ ಹುಡುಗನನ್ನು ನೋಡಿ ಬರೆದೆ. ಕಾಪಿ ಮಾಡುತ್ತಿದ್ದೇನೆ:

ಬೆಳಿಗ್ಗೆ 9.40. ಬಂದ. ಚಪ್ಪಲಿ ತಾನೇ ತೆಗೆದ, ಎಡಗಾಲಿನದ್ದು ಮೊದಲು. ಕಿಟಕಿ ಹತ್ತಿರ ಹೋದ, ಸರಳು ಮುಟ್ಟಿದ, ಹಿಡಿಯಲಿಲ್ಲ. ಬಾಲ್ದಿಗೆ ಐದು ಮಿಡಿ ಹಾಕಿದ. ಮಗುಚಿದ. ಮತ್ತೆ ತುಂಬಿದ. ಪಕ್ಕದ ಹುಡುಗಿ ಕೈ ಚಾಚಿದಳು. ಬಾಲ್ದಿಯನ್ನು ತನ್ನ ಕಡೆ ಎಳೆದುಕೊಂಡ. ಸ್ವಲ್ಪ ಹೊತ್ತು ಬಿಟ್ಟು ಒಂದು ಮಿಡಿ ಅವಳ ಕೈಗೆ ಕೊಟ್ಟ. 9.50.

ಇಷ್ಟು ಬರೆದರೆ ಸಾಕಾ ಟೀಚರ್, ಇನ್ನೂ ಜಾಸ್ತಿ ನೋಡಬೇಕಿತ್ತಾ?