ರಾಜನನ್ನು ಒಯ್ದಾಗ ಏಳದ ಅಸಾಂಟೆ ಜನ ಮಣೆ ಕೇಳಿದಾಗ ಯಾಕೆ ಎದ್ದರು?

ಕೆರೆಯಂಗಳ:
ಘಾನಾದ ಚರಿತ್ರೆ ಓದುತ್ತಿದ್ದೇನೆ. 1900ರಲ್ಲಿ ಚಿನ್ನದ ಮಣೆಯ ಸಲುವಾಗಿ ಬ್ರಿಟಿಷರ ಮೇಲೆ ಅಸಾಂಟೆ ಜನ ತಿರುಗಿಬಿದ್ದರು ಅಂತಿದೆ. ಆದರೆ 1896ರಲ್ಲಿ ಅವರ ರಾಜ ಪ್ರೆಂಪೆಯನ್ನೇ ಹಿಡಿದುಕೊಂಡು ಹೋದರಲ್ವಾ? ಆಗ ಒಂದು ಗುಂಡೂ ಹಾರಲಿಲ್ಲ. ಯಾಕೆ ಹೀಗೆ?

ಕುಮಾಸಿ ಕನ್ನಡಿಗ:
ಕೆಲಸದ ಮೇಲೆ ಆರು ವರ್ಷ ಅಸಾಂಟೆಯವರ ರಾಜಧಾನಿ ಕುಮಾಸಿಯಲ್ಲಿದ್ದೆ. ಇದು ನನಗೆ ತಿಳಿದದ್ದು ಒಂದು ಮರದ ಮಣೆಯಿಂದ.

ನಮ್ಮ ಬಾಡಿಗೆ ಮನೆಯ ಯಜಮಾನರಿಗೆ ಎಂಬತ್ತು ದಾಟಿತ್ತು. ಸಂಜೆ ಜಗುಲಿಗೆ ಮಣೆ ತಂದು ಕೂರುತ್ತಿದ್ದರು. ಒಂದೇ ದಿಮ್ಮಿಯಲ್ಲಿ ಕಡೆದದ್ದು. ಕೂರುವ ಹಲಗೆಯ ಎರಡು ತುದಿ ಮೇಲಕ್ಕೆ ಬಾಗಿದ್ದವು, ನಡುವೆ ಸವೆದು ನುಣ್ಣಗಾಗಿತ್ತು. ಏಳುವಾಗ ಪ್ರತಿ ಸಲ ಅದನ್ನು ಅಡ್ಡ ಮಲಗಿಸಿ ಗೋಡೆಗೆ ಒರಗಿಸುತ್ತಿದ್ದರು. ಒಮ್ಮೆ ನಾನು ಸಹಾಯ ಅಂದುಕೊಂಡು ನೆಟ್ಟಗೆ ಇಟ್ಟೆ. ಅವರು ಮಾತಾಡದೆ ಬಂದು ಮತ್ತೆ ಒರಗಿಸಿದರು. ಆಮೇಲೆ ಹೇಳಿದರು: ಕೂರುವವನ ಜೀವ ಮಣೆಗೆ ಅಂಟಿರುತ್ತದೆ, ನೆಟ್ಟಗೆ ಖಾಲಿ ಬಿಟ್ಟರೆ ಬೇರೆ ಏನೋ ಬಂದು ಕೂರುತ್ತದೆ.

ಒಬ್ಬ ಮುದುಕರ ಮಣೆಗೇ ಇಷ್ಟು. ಸಿಕಾ ದ್ವಾ ಕೋಫಿ, ಅಂದರೆ ಶುಕ್ರವಾರ ಹುಟ್ಟಿದ ಚಿನ್ನದ ಮಣೆ, ಇಡೀ ಜನಾಂಗದ ಜೀವ. ಅಸಾಂಟೆಯ ಮೊದಲ ದೊರೆ ಒಸೈ ಟುಟು ಬೇರೆ ಬೇರೆ ಸೀಮೆಗಳನ್ನು ಒಟ್ಟು ಕಟ್ಟಿ, 1701ರಲ್ಲಿ ಡೆಂಕಿರಾ ರಾಜ್ಯವನ್ನು ಸೋಲಿಸಿದ. ಅವನ ಜೊತೆಗಿದ್ದ ಪುರೋಹಿತ ಒಕೊಂಫೊ ಅನೋಕ್ಯೆ ಆಕಾಶದಿಂದ ಈ ಮಣೆಯನ್ನು ಇಳಿಸಿದ ಅಂತ ನಂಬಿಕೆ. ರಾಜನೂ ಅದರ ಮೇಲೆ ಕೂರುವುದಿಲ್ಲ. ಅದು ನೆಲಕ್ಕೆ ತಾಗುವ ಹಾಗೂ ಇಲ್ಲ.

ಈಗ 1896ಕ್ಕೆ ಬನ್ನಿ. 1874ರಲ್ಲಿ ಬ್ರಿಟಿಷರು ಕುಮಾಸಿಯನ್ನು ಸುಟ್ಟಿದ್ದರು, 50,000 ಔನ್ಸ್ ಚಿನ್ನದ ದಂಡ ಹಾಕಿದ್ದರು. ಅದು ಮರುಕಳಿಸಬಾರದು ಅಂತ ಯುದ್ಧ ಬೇಡ ಅಂದವನು ಪ್ರೆಂಪೆಯೇ. ಅವನೂ ಅವನ ತಾಯಿಯೂ ಗವರ್ನರ್ ಕಾಲಿಗೆ ಬಿದ್ದರು. ಆದರೂ ಹಿಡಿದುಕೊಂಡು ಹೋದರು. ಜನ ನುಂಗಿಕೊಂಡರು. ಮಣೆ ಮಾತ್ರ ಬಚ್ಚಿಟ್ಟಿದ್ದರು.

1900ರ ಮಾರ್ಚ್‌ನಲ್ಲಿ ಗವರ್ನರ್ ಹಾಡ್ಜ್‌ಸನ್ ಕುಮಾಸಿಗೆ ಬಂದ. ನಿಮ್ಮ ರಾಜ ವಾಪಸ್ ಬರುವುದಿಲ್ಲ ಅಂದ, ದಂಡಕ್ಕೆ ಬಡ್ಡಿ ಕೇಳಿದ. ಕೊನೆಗೆ ಚಿನ್ನದ ಮಣೆ ಎಲ್ಲಿ, ನನ್ನನ್ನು ಅದರ ಮೇಲೆ ಯಾಕೆ ಕೂರಿಸಲಿಲ್ಲ ಅಂತ ಕೇಳಿಬಿಟ್ಟ. ರಾಜ ಹೋದರೆ ಅದೇ ಮನೆತನದಿಂದ ಇನ್ನೊಬ್ಬ ಬರುತ್ತಾನೆ. ಮಣೆ ಹೋದರೆ? ಮುಖಂಡರು ಸುಮ್ಮನೆ ಎದ್ದು ಹೋದರು. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ಮುಂದೆ ನಿಂತಳು. ಕುಮಾಸಿ ಕೋಟೆಗೆ ಮುತ್ತಿಗೆ ಬಿತ್ತು. ಜೂನ್‌ನಲ್ಲಿ ಹಾಡ್ಜ್‌ಸನ್ ಹೆಂಡತಿಯ ಜೊತೆ ತಪ್ಪಿಸಿಕೊಂಡು ಓಡಬೇಕಾಯಿತು.

ಒಂದು ಮಾತು. ಹಳೆಯ ಪುಸ್ತಕಗಳಲ್ಲಿ 'ಅಶಾಂತಿ' ಅಂತ ಇರುತ್ತದೆ. ಅದು ಬ್ರಿಟಿಷರ ಕಾಗುಣಿತ. ದಯವಿಟ್ಟು ಅಸಾಂಟೆ ಅಂತಲೇ ಬರೆಯೋಣ.

ನೇಸರ:
ಅಸಾಂಟೆಯವರೂ ಯುದ್ಧದಲ್ಲಿ ಸೆರೆ ಸಿಕ್ಕವರನ್ನು ಕರಾವಳಿಯಲ್ಲಿ ಗುಲಾಮರಾಗಿ ಮಾರಿದವರು. ಅದನ್ನೂ ಹೇಳಬೇಕಲ್ವಾ?

ಕುಮಾಸಿ ಕನ್ನಡಿಗ:
ಖಂಡಿತ ಹೇಳಬೇಕು. ಕೋವಿ, ಮದ್ದು ಬಂದದ್ದು ಆ ವ್ಯಾಪಾರದಿಂದಲೂ. ಎಲ್ಮಿನಾ ಕೋಟೆಗೆ ಹೋಗಿದ್ದೇನೆ. 1482ರಲ್ಲಿ ಪೋರ್ಚುಗೀಸರು ಚಿನ್ನಕ್ಕಾಗಿ ಕಟ್ಟಿದ್ದು, ಆಮೇಲೆ ಅಲ್ಲಿ ಮನುಷ್ಯರನ್ನು ತುಂಬಿದರು. ನೆಲಮಾಳಿಗೆಯಲ್ಲಿ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲು ನನ್ನಿಂದ ಆಗಲಿಲ್ಲ. ಪ್ರೆಂಪೆಯನ್ನು ಮೊದಲು ಸೆರೆಯಿಟ್ಟದ್ದೂ ಅದೇ ಕೋಟೆಯಲ್ಲಿ.

ಕೆರೆಯಂಗಳ:
ಕಣ್ಣಿಗೆ ಕಟ್ಟಿದ ಹಾಗೆ ಹೇಳಿದಿರಿ. ಮಣೆ ಕೊನೆಗೆ ಸಿಕ್ಕಿತಾ?

ಕುಮಾಸಿ ಕನ್ನಡಿಗ:
ಬ್ರಿಟಿಷರಿಗೆ ಸಿಗಲೇ ಇಲ್ಲ. ಅಸಾಂಟೆಯವರು ಯುದ್ಧ ಸೋತರು. ಯಾ ಅಸಾಂಟೆವಾಳನ್ನು ಸೇಶೆಲ್ಸ್‌ಗೆ ಸಾಗಿಸಿದರು, 1921ರಲ್ಲಿ ಅಲ್ಲೇ ತೀರಿಕೊಂಡಳು. 1902ರಲ್ಲಿ ನಾಡು ಬ್ರಿಟಿಷ್ ವಸಾಹತು ಆಯ್ತು. ಆದರೆ ಮಣೆ ಮಣ್ಣಿನಡಿ ಇತ್ತು. ಸುಮಾರು 20 ವರ್ಷದ ಮೇಲೆ ರಸ್ತೆ ಕೆಲಸದವರ ಗುದ್ದಲಿಗೆ ತಾಗಿತು. ಕೆಲವರು ಅದರ ಚಿನ್ನ ಕಿತ್ತು ಮಾರಿಕೊಂಡರು. ಊರಿಗೆ ಊರೇ ಸಾವಿನ ಮನೆಯಾಯಿತು. ಈ ಸಲ ಸರ್ಕಾರ ಮಣೆಯ ತಂಟೆಗೆ ಬರುವುದಿಲ್ಲ ಅಂತ ಮಾತು ಕೊಟ್ಟಿತು. 1924ರಲ್ಲಿ ಪ್ರೆಂಪೆ ವಾಪಸ್ ಬಂದ.

ನಮ್ಮ ಯಜಮಾನರ ತಂದೆ ಅವನನ್ನು ನೋಡಲು ಹುಡುಗನಾಗಿದ್ದಾಗ ಹೋಗಿದ್ದರಂತೆ. ಆ ಜಗುಲಿಯ ಮಣೆ ಅವರದೇ.